ಹುಡುಕುವವಳ ಪಾತ್ರ

೨೨ ಅಕ್ಟೋಬರ್ ೨೦೨೪, ಮಂಗಳವಾರ

ಗೊಬ್ಬರದ ಅಂಗಡಿಯವರು ವರ್ಷವರ್ಷವೂ ಇವರಿಗೊಂದು ಡೈರಿ ಕೊಡುತ್ತಾರೆ. ಇವರು ತಂದು ನನ್ನ ಹೊಲಿಗೆ ಮಷೀನಿನ ಮೇಲೆ ಒಗೆಯುತ್ತಾರೆ. ನಾನು ಅದರಲ್ಲಿ ಗಿರಾಕಿಗಳ ಅಳತೆ ಬರೆದುಕೊಳ್ಳುತ್ತೇನೆ. ಅಳತೆ ಬಿಟ್ಟು ಬೇರೆ ಏನನ್ನೋ ಬರೆಯುತ್ತಿರುವುದು ಇದೇ ಮೊದಲು. ಅತ್ತೆಗೆ ಓದಲು ಬರುವುದಿಲ್ಲ, ಹಾಗಾಗಿ ಮುಚ್ಚಿಡುವ ತ್ರಾಸಿಲ್ಲ.

ಬೆಳಿಗ್ಗೆ ಸ್ಟೇಷನ್ನಿನಿಂದ ಫೋನ್ ಬಂತು. ಕಾಲುವೆಯ ಕೆಳಗಿನ ತೂಬಿನಲ್ಲಿ ಒಂದು ಹೆಣ ಸಿಕ್ಕಿದೆ, ಬಂದು ನೋಡಬೇಕು ಎಂದರು. ಆಯುಧ ಪೂಜೆಯ ದಿನ ಗಾಡಿ ತೊಳೆಯಲು ಕಾಲುವೆಗೆ ಹೋದವರು ಇವರು, ಬಂದಿಲ್ಲ. ಗಾಡಿ ಕಾಲುವೆಯ ಮೆಟ್ಟಿಲ ಮೇಲೇ ಇತ್ತು, ಅರ್ಧಕ್ಕೆ ಸೋಪು ಹಚ್ಚಿತ್ತು. ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯ ಒಣಭೂಮಿಯಲ್ಲಿ ಬೆಳೆದವರಿಗೆ ಈಜು ಎಲ್ಲಿಂದ ಬರಬೇಕು? ಗಂಗಾವತಿಗೆ ಬಂದು ಹದಿನೈದು ವರ್ಷವಾದರೂ ಕಾಲುವೆಯಲ್ಲಿ ಮೊಣಕಾಲಿಗಿಂತ ಮೇಲೆ ಇಳಿದವರಲ್ಲ. ಕಂಪ್ಲೇಂಟಿನಲ್ಲಿ ಬರೆಸಿದ್ದೇನೆ: ಉಮಾಪತಿ, ವಯಸ್ಸು ನಲವತ್ತೊಂದು, ಎಣ್ಣೆಗೆಂಪು ಮೈಬಣ್ಣ.

ಆಸ್ಪತ್ರೆಯ ಹಿಂದಿನ ಕೋಣೆಗೆ ಪೊಲೀಸ್ ಬಾಬಾಸಾಬ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ, ಮೊದಲು ಮೂಗಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಟ್ಟರು. “ಗಟ್ಟಿ ಮನಸು ಮಾಡ್ಕೋರಿ ಅಕ್ಕಾರ,” ಎಂದು ಮುಖದ ಮೇಲಿನ ಬಟ್ಟೆ ತೆಗೆದರು. ಹನ್ನೊಂದು ದಿನ ನೀರಿನಲ್ಲಿದ್ದ ಮುಖ. ಅದರಲ್ಲಿ ಯಾರನ್ನು ಗುರುತಿಸುವುದು?

“ಮೈಮ್ಯಾಲ ಗುರ್ತು ಏನರ ಅದಾವೇನ್ರಿ? ಕೈಯಾಗ, ಕಾಲಾಗ?”

“ಏನೂ ಇಲ್ಲ. ಇವ್ರಲ್ಲ,” ಎಂದೆ. ಕಾಗದಕ್ಕೆ ಸಹಿ ಹಾಕಿ ಬಂದೆ.

ಅತ್ತೆ ಹೊಸ್ತಿಲ ಮೇಲೇ ಕುಳಿತಿದ್ದರು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಅಲ್ಲ ಎಂದು ನಾನು ಹೇಳಿದ ಕೂಡಲೇ ಎದ್ದು ಸ್ನಾನ ಮಾಡಿ ದೀಪ ಹಚ್ಚಿ ಸಜ್ಜಕ ಮಾಡಿದರು. ಬೆಲ್ಲ ಹೆಚ್ಚಾಗಿತ್ತು. ಎರಡು ಸಲ ಹಾಕಿಸಿಕೊಂಡು ತಿಂದೆ.

೨೫ ಅಕ್ಟೋಬರ್, ಶುಕ್ರವಾರ

ಬಾಬಾಸಾಬ ಫೋನ್ ಮಾಡಿದ್ದರು. ಆ ಹೆಣ ಕೇಳಿಕೊಂಡು ಯಾರೂ ಬಂದಿಲ್ಲವಂತೆ. “ಇವತ್ತ ಮಣ್ಣು ಮಾಡ್ತೀವ್ರಿ. ಇನ್ನೊಮ್ಮೆ ನೋಡ್ತೀರೇನು, ಕೇಳೂಣಂತ ಹಚ್ಚಿದೆ.”

ಒಮ್ಮೆ ಹೇಳಿದೆನಲ್ಲ, ಮತ್ತೆ ಮತ್ತೆ ಏನು ಕೇಳುವುದು ಎಂದು ಸಿಟ್ಟಿನಿಂದಲೇ ಹೇಳಿದೆ. ಪಾಪ, ಅವರು “ಆತ್ರಿ” ಎಂದು ಇಟ್ಟರು. ಆಮೇಲೆ ಹೊಲಿಯಲು ಕುಳಿತೆ. ಜಂಪರಿನ ತೋಳು ತಿರುಗುಮುರುಗಾಗಿ ಕೂತಿತ್ತು, ಬಿಚ್ಚಿ ಮತ್ತೆ ಹಾಕಿದೆ.

೨ ನವೆಂಬರ್, ಶನಿವಾರ. ಪಾಡ್ಯ.

ಪಕ್ಕದ ಮನೆಯವರು ಅತ್ತೆಯನ್ನು ಹಬ್ಬದ ದಿನವೂ ಬಿಡಲಿಲ್ಲ. ಏನಾದರೂ ಸುದ್ದಿ ಬಂತೇ ಎಂದು ಕೇಳಿದರು. ಅತ್ತೆಯ ಉತ್ತರ ಈಗ ಬಾಯಿಪಾಠವಾಗಿದೆ: “ಶ್ರೀಶೈಲದ ಕಡೆ ಹೋಗ್ಯಾನ ಅನಸ್ತೈತಿ. ನೀರಾಗ ಹೋಗಿಲ್ಲ, ಅದಂತೂ ಖರೆ. ನಮ್ಮ ಮಲ್ಲೇಶ್ವರಿ ಕಣ್ಣಿಲೆ ನೋಡಿ ಬಂದಾಳ.”

ನನ್ನ ಹೆಸರು ಹೇಳಿದಾಗ ನಾನು ಒಳಗೆ ಹೋದೆ.

೧೪ ಜನವರಿ ೨೦೨೫, ಮಂಗಳವಾರ

ಹೊಸ ಡೈರಿ ಬರಲಿಲ್ಲ. ತರುವವರೇ ಇಲ್ಲ. ಹಳೆಯದರಲ್ಲೇ ಹಾಳೆ ಉಳಿದಿವೆ, ತಾರೀಖು ಹೊಡೆದುಹಾಕಿ ಬರೆಯುತ್ತೇನೆ.

ನಡುವೆ ಇನ್ನೆರಡು ಸಲ ಹೆಣ ನೋಡಲು ಕರೆದಿದ್ದರು, ಕಾರಟಗಿ ಕಡೆ ಒಂದು, ಸಿಂಧನೂರಿನ ಕಡೆ ಒಂದು. ಎರಡನ್ನೂ ನೆತ್ತಿಯಿಂದ ಉಂಗುಷ್ಟದವರೆಗೆ ನಿಧಾನವಾಗಿ ನೋಡಿದೆ. ಹೆದರಿಕೆಯೇ ಆಗಲಿಲ್ಲ. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದೆ.

೨೦ ಜನವರಿ, ಸೋಮವಾರ

ಬಳೆಗಾರ್ತಿ ಜೋಹರಾಬಿ ಬಂದಿದ್ದರು. ಅತ್ತೆ ದಿನಾ ಸಂಜೆ ಎಂಟಕ್ಕೆ ಕಣ್ಣು ಕೀಳದೆ ನೋಡುವ ರಾಣಿಯ ಧಾರಾವಾಹಿ ಇದೆಯಲ್ಲ, ಅದರ ಮಂದಿ ಆನೆಗುಂದಿ ಆಚೆಯ ಬಂಡೆಗಳ ಬಯಲಿನಲ್ಲಿ ಬಿಡಾರ ಹಾಕಿದ್ದಾರಂತೆ. ಯುದ್ಧ ಅಲ್ಲೇ ನಡೆಯಬೇಕಂತೆ.

“ಬಳಿ ಎಲ್ಲಾ ನನ್ನ ಕಡೀನ ತೊಗೊಂಡಾರ. ಹೊಲ್ಯಾಕ ಒಬ್ರು ಬೇಕಂತ. ನೀ ಮನ್ಯಾಗ ಕುಂತು ಗ್ವಾಡಿ ನೋಡೋದು ಸಾಕು, ಬಾ,” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಪ್ಪಿಕೊಂಡರು. ಸೊಸೆ ರಾಣಿಗೆ ಕುಪ್ಪಸ ಹೊಲಿಯುತ್ತಾಳೆ ಎಂದು ಓಣಿಯೆಲ್ಲ ಸಾರಿ ಬಂದರು. ಬಹಳ ದಿನದ ಮೇಲೆ ಅವರ ಕಾಲಿಗೆ ಹುರುಪು ಬಂದದ್ದು ನೋಡಿ ನನಗೆ ಸಮಾಧಾನವಾಯಿತು.

೨೯ ಜನವರಿ, ಬುಧವಾರ

ಐದುನೂರು ವರ್ಷದ ಹಿಂದಿನ ರಾಣಿಯ ಬೆನ್ನಿಗೆ ಸ್ಟೀಲಿನ ಹುಕ್ಕು. ಒಳಗೆ ಸ್ಪಂಜು. ರೇಷ್ಮೆಯಂತೆ ಹೊಳೆಯುವ ಸೀರೆ ಮುಟ್ಟಿದರೆ ಚರಚರ ಎನ್ನುತ್ತದೆ, ಬೆಂಕಿ ತಗುಲಿದರೆ ಮೈಗೇ ಅಂಟುವ ಬಟ್ಟೆ. ಅಲ್ಲಿನ ಹೊಲಿಗೆಯ ದೊಡ್ಡ ಮಾಸ್ತರನಿಗೆ ಹೇಳಿದೆ, ಆಗಿನ ಕಾಲದಲ್ಲಿ ಕುಪ್ಪಸವನ್ನು ಮುಂದೆ ಗಂಟು ಹಾಕುತ್ತಿದ್ದರು ಎಂದು. “ಕ್ಯಾಮೆರಾ ಬೆನ್ನಿನ ಕಡೆ ಬರಲ್ಲ ಬಿಡಮ್ಮ,” ಎಂದ. ಕ್ಯಾಮೆರಾ ಬರದಿದ್ದರೂ ಹುಕ್ಕನ್ನಾದರೂ ಸರಿಯಾಗಿ ಹಚ್ಚಬಹುದಿತ್ತಲ್ಲ.

ಸೈನಿಕರ ಕತ್ತಿ ರಬ್ಬರಿನವು. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಬಾಗುತ್ತವೆ. ಬಯಲಿನ ಆಚೆ ಭತ್ತದ ನಾಟಿ ನಡೆದಿದೆ. ಅಲ್ಲಿನ ಹೆಣ್ಣುಮಕ್ಕಳು ಕ್ಯಾಮೆರಾದಲ್ಲಿ ಬೀಳುತ್ತಾರೆಂದು ಒಬ್ಬನು ಹೋಗಿ “ಬಗ್ಗಿ, ಬಗ್ಗಿ” ಎಂದು ಕೂಗುತ್ತಾನೆ. ನಾಟಿ ಮಾಡುವವರಿಗೆ ಬಗ್ಗಲು ಹೇಳಬೇಕೇ? ಅವರು ಅವನನ್ನು ನೋಡಲೆಂದೇ ಎದ್ದು ನಿಲ್ಲುತ್ತಾರೆ.

ನಕ್ಕೆ. ಆಮೇಲೆ ನಕ್ಕೆನಲ್ಲ ಎಂದು ಕೆಟ್ಟದೆನಿಸಿತು.

೩ ಫೆಬ್ರವರಿ, ಸೋಮವಾರ

ಇವತ್ತು ದೊಡ್ಡ ರಗಳೆ. ಮುಂದಿನ ದೃಶ್ಯದಲ್ಲಿ ಯುದ್ಧ ಸೋತಾಗಿದೆ. ಸೈನಿಕರ ಹೆಂಡತಿಯರು ಬೆಳಗಿನ ಜಾವ ರಣರಂಗಕ್ಕೆ ಬಂದು ತಮ್ಮ ತಮ್ಮ ಗಂಡಂದಿರ ಹೆಣ ಹುಡುಕಬೇಕು. ಸಿಕ್ಕ ಮೇಲೆ ಬಳೆ ಒಡೆದು ಕುಂಕುಮ ಒರೆಸಿಕೊಳ್ಳಬೇಕು. ಜನ ಕೂಡಿಸುವ ಕೆಲಸ ಕುಷ್ಟಗಿಯ ಕೃಷ್ಣ ಎಂಬವನದು. ಅವನು ಸುತ್ತಲಿನ ಊರುಗಳಿಂದ ನಲವತ್ತು ಹೆಂಗಸರನ್ನು ಟಂಟಂನಲ್ಲಿ ತುಂಬಿಕೊಂಡು ಬಂದಿದ್ದ. ಕಥೆ ಕೇಳಿದ್ದೇ ತಡ, ಎಲ್ಲರೂ ನೆಲಕ್ಕೆ ಕುಳಿತುಬಿಟ್ಟರು.

“ಅಳ್ತೀವ್ರಿ, ಎಷ್ಟು ಬೇಕಾರ ಅಳ್ತೀವಿ. ಕುಂಕುಮಕ್ಕ ಕೈ ಹಚ್ಚಂಗಿಲ್ಲ.”

“ಖರೇ ಅಲ್ಲವ್ವಾ, ಇದು ಆಟ,” ಎಂದ ಕೃಷ್ಣ.

“ಆಟ ಅಂತ ನಮಗ ಗೊತ್ತೈತಿ. ದೇವ್ರಿಗೆ ಯಾರು ಹೇಳಾವ್ರು?”

ಕೊನೆಗೆ ಕೃಷ್ಣ ಗಂಡ ಸತ್ತವರನ್ನೇ ಹುಡುಕಿಕೊಂಡು ಹೋದ. ಮಧ್ಯಾಹ್ನಕ್ಕೆ ಬಂದವರಲ್ಲಿ ಮುದಕಮ್ಮ ಎಂಬಾಕೆ ಎಲ್ಲರಿಗಿಂತ ಹಿರಿಯಳು. “ನಮ್ಮದು ಹೋಗೋದು ಏನೂ ಉಳಿದಿಲ್ಲ, ಎಷ್ಟು ಸರ್ತಿ ಬೇಕಾದ್ರೂ ಒರಸ್ರಿ,” ಎಂದು ನಗುತ್ತಲೇ ಇಳಿದಳು. ಆದರೆ ಒರೆಸುವ ಮೊದಲು ಹಚ್ಚಬೇಕಲ್ಲ. ಮೇಕಪ್ಪಿನವನು ಕುಂಕುಮ ತೆಗೆದುಕೊಂಡು ಬಂದಾಗ ಆಕೆ ಅವನ ಕೈ ಹಿಡಿದು ನಿಲ್ಲಿಸಿ, ಡಬ್ಬಿ ಇಸಿದುಕೊಂಡು, ವ್ಯಾನಿನ ಕನ್ನಡಿಯಲ್ಲಿ ತಾನೇ ಹಚ್ಚಿಕೊಂಡಳು. ಇಪ್ಪತ್ತೆರಡು ವರ್ಷವಾಗಿತ್ತಂತೆ. ಕನ್ನಡಿ ಬಿಟ್ಟು ಬರಲು ಅರ್ಧ ತಾಸು. ಯಾರೂ ಅವಸರ ಮಾಡಲಿಲ್ಲ.

ನಾನು ಅವರಿಗೆ ಸೀರೆಯ ಕಚ್ಚೆ ಸರಿಮಾಡುತ್ತಿದ್ದೆ. ನಿರ್ದೇಶಕರು ಬಂದು ನನ್ನನ್ನೇ ನೋಡುತ್ತ ನಿಂತರು. ಮೆಲ್ಲಗೆ ಮಾತಾಡುವ ಮನುಷ್ಯ. “ಒಬ್ಬಳಿಗೆ ಮಾತ್ರ ಗಂಡ ಸಿಗಬಾರದು ಅಂತ ನನಗಾಸೆ. ಎಲ್ಲರೂ ಅಳ್ತಿರುವಾಗ ಅವಳು ಹುಡುಕ್ತಾನೇ ಇರಬೇಕು. ಅವಳ ಕುಂಕುಮಕ್ಕೆ ಯಾರೂ ಕೈ ಹಚ್ಚಲ್ಲ. ನೀವು ಮಾಡ್ತೀರಾ?”

“ಹುಡುಕೋದಷ್ಟ ಮಾಡ್ತೀನ್ರಿ. ಸಿಗಬಾರದು,” ಎಂದೆ.

“ಅದೇ ನಾನೂ ಹೇಳ್ತಿರೋದು.”

ನಲವತ್ತು ಜನ ಬೇಡವೆಂದದ್ದನ್ನು ನಾನು ಒಂದು ನಿಮಿಷವೂ ಯೋಚಿಸದೆ ಒಪ್ಪಿಕೊಂಡೆ. ಆ ಪಾತ್ರ ನನಗೆ ಬರುತ್ತದೆ ಎನಿಸಿತು. ಅತ್ತೆಗೆ ಹೇಳಿಲ್ಲ.

೬ ಫೆಬ್ರವರಿ, ಗುರುವಾರ

ಹೊತ್ತು ಮೂಡುವ ಮೊದಲೇ ಇನ್ನೂರು ಗಂಡಸರನ್ನು ಮಲಗಿಸಿದ್ದರು. ಮೈತುಂಬ ಕೆಂಪು ಬಣ್ಣ, ಅದರಲ್ಲಿ ಬೆಲ್ಲದ ಪಾಕ ಸೇರಿಸಿದ್ದರಿಂದ ಇರುವೆ ಹತ್ತಿ ಹೆಣಗಳೆಲ್ಲ ಕೆರೆದುಕೊಳ್ಳುತ್ತಿದ್ದವು. ಕೃಷ್ಣ ನ್ಯಾಯಬೆಲೆ ಅಂಗಡಿಯವನಂತೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಗಂಡನನ್ನು ಹಂಚಿದ. “ನಿನ್ನಾಂವ ಆ ಬಂಡಿ ಪಕ್ಕ ಬಿದ್ದಾನ ನೋಡು. ನಿನ್ನಾಂವ ಕುದುರಿ ಹತ್ರ.” ಮುದಕಮ್ಮನ ಪಾಲಿಗೆ ಬಂದವನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. “ಇಂವ ನನ್ನ ಮೊಮ್ಮಗನ ವಾರಿಗ್ಯಾಂವ, ಬದಲಿ ಕೊಡು,” ಎಂದು ಜಗಳ ತೆಗೆದಳು. ಮಾಳವ್ವ ಎಂಬ ಇನ್ನೊಬ್ಬಾಕೆ ತನ್ನವನಿಗೆ ತನ್ನದೇ ಪುಡಿಕೆಯಿಂದ ಅಡಿಕೆ ಕೊಟ್ಟು, ಟೇಕ್ ಮುಗಿಯುವವರೆಗೆ ಅಗಿಯಬೇಡ ಎಂದಳು.

ನನಗೆ ಯಾರನ್ನೂ ಕೊಡಲಿಲ್ಲ.

ಮೊದಲ ಟೇಕ್ ಅರ್ಧಕ್ಕೆ ನಿಲ್ಲಿಸಿದರು. “ಮುಖ ನೋಡಿ ಅಮ್ಮಾ. ನೀವು ಕಾಲು ನೋಡ್ಕೊಂಡು ಹೋಗ್ತಿದೀರಿ,” ಎಂದರು ನಿರ್ದೇಶಕರು. ನನಗೆ ಗೊತ್ತೇ ಆಗಿರಲಿಲ್ಲ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲಕ್ಕೆ, ಮುರಿದ ಗಾಲಿಯೊಂದರ ಪಕ್ಕ ಮಲಗಿದ್ದವನ ಮುಖಕ್ಕೊಂದು ಬಟ್ಟೆ ಹೊದಿಸಿ, ಅದನ್ನು ಸರಿಸಿ ನೋಡಿ, ಅಲ್ಲ ಎಂದು ತಲೆಯಾಡಿಸಿ ಮುಂದೆ ಹೋಗಿ ಎಂದು ತೋರಿಸಿಕೊಟ್ಟರು. ಅಷ್ಟೇ ಕೆಲಸ.

ಬಟ್ಟೆ ಸರಿಸಿದ್ದು ನೆನಪಿದೆ. ಮುಂದಿನದು ಜೋಹರಾಬಿ ಹೇಳಿದ್ದು. ನಾನು ಕುಸಿದು ಕುಳಿತು ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು “ಇವ್ರ ಅದಾರ, ಇವ್ರ ಅದಾರ” ಎಂದು ಚೀರಿದೆನಂತೆ. ಯಾರೂ ಕಟ್ ಎನ್ನಲಿಲ್ಲವಂತೆ. ಉಳಿದ ಹೆಂಗಸರು ತಮ್ಮ ಗಂಡಂದಿರನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರಂತೆ. ಅಳುವುದೆಂದರೆ ಇಷ್ಟು ನೋವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಪಕ್ಕೆಲುಬು ಈಗಲೂ ನೋಯುತ್ತಿವೆ.

ಧಾರಾವಾಹಿಯವರಲ್ಲೊಂದು ಪದ್ಧತಿ ಇದೆ. ಹೆಣವಾಗಿ ಮಲಗಿದವನು ಶಾಟ್ ಮುಗಿದ ಮೇಲೆ ಕಣ್ಣು ತೆರೆದು ಕ್ಯಾಮೆರಾ ನೋಡಿ ನಗಬೇಕು, ಇಲ್ಲದಿದ್ದರೆ ಅವನಿಗೆ ಒಳ್ಳೆಯದಲ್ಲ. ಇನ್ನೂರು ಹೆಣ ಎದ್ದು ಹೀ ಎಂದು ನಕ್ಕವು. ನನ್ನ ತೊಡೆಯ ಮೇಲಿದ್ದವನು ನಗಲಿಲ್ಲ. ನಾನು ಬಿಟ್ಟರಲ್ಲವೇ ಅವನು ಏಳುವುದು? ಜೋಹರಾಬಿ ನನ್ನ ಬೆರಳು ಒಂದೊಂದಾಗಿ ಬಿಡಿಸಿದರು.

ಆಮೇಲೆ ಅವನೇ ಚಹ ತಂದುಕೊಟ್ಟ. ಓಬಳೆಪ್ಪ, ಕುಷ್ಟಗಿ ಕಡೆ ದಾಳಿಂಬೆ ತೋಟದಲ್ಲಿ ಕೂಲಿ ಮಾಡುವವನು. “ಅಕ್ಕಾರ, ನಗಲಿಲ್ಲಂತ ಕೃಷ್ಣಣ್ಣ ಬೈದ. ನೀವು ಹಂಗ ಅಳಾಕತ್ತಾಗ ನಾ ಹೆಂಗ ನಗಬೇಕ್ರಿ?”

“ಈಗ ನಗಪಾ,” ಎಂದೆ. ನಾಚಿಕೊಂಡು ನಕ್ಕ. ಅವನ ನಗು ನೋಡಿ ನನಗೆ ಮೈಯೆಲ್ಲ ಸಿಟ್ಟು ಬಂತು. ಎದ್ದು ಬಂದು ಚಹ ಕುಡಿಯುತ್ತಿದ್ದಾನಲ್ಲ, ಇವನು ಹೇಗೆ ಎದ್ದ ಎಂದು.

ದೃಶ್ಯ ಇದ್ದ ಹಾಗೇ ಇರಲಿ ಎಂದರು ನಿರ್ದೇಶಕರು. ಸಿಗಬಾರದು ಅಂತ ಅವರೇ ಹೇಳಿದ್ದರು.

೭ ಫೆಬ್ರವರಿ

ಜ್ವರ. ಹೋಗಲಿಲ್ಲ.

೧೬ ಫೆಬ್ರವರಿ, ಭಾನುವಾರ

ಧಾರಾವಾಹಿಯವರು ಬಿಡಾರ ಕಿತ್ತುಕೊಂಡು ಹೋದರು. ನನಗೆ ಮತ್ತೆ ಓಣಿಯ ಜಂಪರುಗಳು.

ಅಳತೆಯ ಹಾಳೆ ಹುಡುಕುವಾಗ ಅಕ್ಟೋಬರಿನ ಬರಹ ಸಿಕ್ಕಿತು. ಓದಿದೆ. ಅದರಲ್ಲಿ ಒಂದು ಮಾತು ಬರೆದಿಲ್ಲ.

ಬಾಬಾಸಾಬ ಮುಖದ ಬಟ್ಟೆ ತೆಗೆದಾಗ ಕಾಲಿನ ಕಡೆಯದೂ ಸರಿದಿತ್ತು. ಇವರ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ, ಹುಟ್ಟಿದಾಗಿನಿಂದ. ಚಪ್ಪಲಿ ಕೊಳ್ಳಲು ಹೋದರೆ ಅಂಗಡಿಯವನ ಪ್ರಾಣ ತಿನ್ನುತ್ತಿದ್ದರು. ಅತ್ತೆಯ ಕಾಲೂ ಹಾಗೇ ಇದೆ. ನೀರು ಮುಖವನ್ನು ತಿಂದಿತ್ತು, ಬೆರಳನ್ನು ಬಿಟ್ಟಿತ್ತು.

ಮುಖಕ್ಕಿಂತ ಮೊದಲು ನಾನು ನೋಡಿದ್ದು ಅದನ್ನೇ. ನೋಡಿಯೇ ಅಲ್ಲ ಎಂದದ್ದು. ಹೌದು ಎಂದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಹೊಸ್ತಿಲ ಮೇಲೆ ನೀರು ಕುಡಿಯದೆ ಕುಳಿತವರಿಗೆ ಏನು ಹೇಳಬೇಕಿತ್ತು? ಒಂದು ದಿನ ಮುಂದೆ ಹಾಕೋಣ, ನಾಳೆ ಹೇಳಿದರಾಯಿತು ಎಂದುಕೊಂಡೆ. ಸಜ್ಜಕ ತಿಂದ ಮೇಲೆ ಹೇಗೆ ಹೇಳುವುದು? ಮಣ್ಣು ಮಾಡುತ್ತೇವೆ ಎಂದು ಫೋನ್ ಬಂದಾಗಲೂ ಹೇಳಲಿಲ್ಲ. ಗಂಡನ ಹೆಣವನ್ನು ನನ್ನದಲ್ಲ ಎಂದು ಬಿಟ್ಟು ಬಂದವಳು ನಾನು. ಗುರುತು ಪರಿಚಯವಿಲ್ಲದ ಓಬಳೆಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತವಳೂ ನಾನೇ.

೧೫ ಏಪ್ರಿಲ್, ಮಂಗಳವಾರ

ಇವತ್ತು ಸಂಜೆ ಯುದ್ಧದ ಕಂತು ಬಂತು. ಅತ್ತೆ ಓಣಿಯವರನ್ನೆಲ್ಲ ಕರೆದು ಕೂಡಿಸಿದ್ದರು, ಸೊಸೆ ಹೊಲಿದ ಬಟ್ಟೆ ತೋರಿಸಲು. ನಾನು ಒಳಗೇ ಇರುತ್ತೇನೆ ಎಂದರೂ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು.

ನನ್ನ ಮುಖ ಇಷ್ಟು ದೊಡ್ಡದಾಗಿ ಬರುತ್ತದೆಂದು ತಿಳಿದಿರಲಿಲ್ಲ. ದನಿ ನನ್ನದಿರಲಿಲ್ಲ, ಯಾರೋ ಆಲಾಪ ಮಾಡುತ್ತಿದ್ದರು. ಬಾಯಿ ಮಾತ್ರ ಅಲುಗುತ್ತಿತ್ತು. ಏನು ಹೇಳುತ್ತಿದ್ದೇನೆಂದು ಯಾರಾದರೂ ಬಾಯಿ ನೋಡಿಯೇ ಹೇಳಬಹುದಿತ್ತು. ಓಣಿಯವರು, “ಏ, ಖರೇನ ಅತ್ತಂಗ ಐತಿ ಬಿಡ್ರಿ, ಏನ್ ಆ್ಯಕ್ಟಿಂಗ್ ಮಾಡ್ಯಾಳ,” ಎಂದು ಹೊಗಳಿ ಎದ್ದು ಹೋದರು.

ಅತ್ತೆ ಟೀವಿ ಆರಿಸಿದರು. ನನಗೆ ರೊಟ್ಟಿ ಬಡಿಸಿದರು, ತಾವು ತಿನ್ನಲಿಲ್ಲ.

“ಅದು ಆಟದಾಗಿಂದ ಏನವಾ?” ಎಂದು ಕೇಳಿದರು.

“ಹೌದ್ರಿ ಅತ್ತಿ.”

“ನನಗ ಆಟ ಅನಸಲಿಲ್ಲ,” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

೧೬ ಏಪ್ರಿಲ್, ಬುಧವಾರ

ಬೆಳಿಗ್ಗೆ ಎದ್ದವಳೇ ಸ್ಟೇಷನ್ನಿಗೆ ಹೋದೆ. ಬಾಬಾಸಾಬ ಏನೂ ಕೇಳದೆ ಕಪಾಟಿನಿಂದ ಆ ಫೈಲು ತೆಗೆದು ಮುಂದಿಟ್ಟರು. ನಾಲ್ಕನೆಯ ಫೋಟೊ ಕಾಲಿನದು.

“ಇವ್ರ ಅದಾರ್ರಿ,” ಎಂದೆ. “ಅವತ್ತೂ ಗೊತ್ತಿತ್ತು.”

ಬೈಯುತ್ತಾರೆ ಎಂದುಕೊಂಡಿದ್ದೆ. “ಅವತ್ತ ನನಗೂ ಹಂಗ ಅನಿಸಿತ್ರಿ. ಹೆಣದ ಕಾಲು ನೋಡಿದ್ರಿ, ಆಮ್ಯಾಲ ನನ್ನ ಮುಖ ನೋಡಲಿಲ್ಲ ನೀವು,” ಎಂದರು. ಇನ್ನು ಕಾಗದಪತ್ರ ಬಹಳ ಇದೆ. ಎಲುಬಿನ ಚೂರು ಜೋಪಾನವಾಗಿ ಇಟ್ಟಿದ್ದಾರಂತೆ. ಅದಕ್ಕೆ ಹೋಲಿಸಲು ತಾಯಿಯ ರಕ್ತ ಬೇಕು. ಅಂದರೆ ಅತ್ತೆಗೆ ಹೇಳದೆ ದಾರಿಯಿಲ್ಲ.

“ಹೆಂಗ ಮಣ್ಣು ಕೊಟ್ರಿ?” ಎಂದು ಕೇಳಿದೆ.

“ಯಾರಂತ ಗೊತ್ತಿರಲಿಲ್ಲಲ್ರಿ. ಜೆಸಿಬಿಲೆ ತೆಗ್ಗು ತೋಡಿ, ಬಿಳಿ ಬಟ್ಟಿ ಸುತ್ತಿ ಮಲಗಿಸಿದ್ವಿ. ನಾನೂ ಒಂದು ಹಿಡಿ ಹಾಕೀನ್ರಿ. ಈಗ ತೆಗಿಸೋದು ಬ್ಯಾಡ್ರಿ ಅಕ್ಕಾರ.”

ಮನೆಗೆ ಬಂದು ಅತ್ತೆಯ ಮುಂದೆ ಕುಳಿತು ಎಲ್ಲ ಹೇಳಿದೆ. ಕಾಲಿನ ಬೆರಳು, ನನ್ನ ಸಹಿ, ಎರಡನೆಯ ಸಲ ಬಂದ ಫೋನು, ಏನನ್ನೂ ಬಿಡಲಿಲ್ಲ. ಹೊಡೆಯಲಿ, ಮನೆಯಿಂದ ಹೊರಗೆ ಹಾಕಲಿ ಎಂದುಕೊಂಡೇ ಹೇಳಿದೆ. ಅತ್ತೆ ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದರು. ಕೈ ನಿಂತಿತು. ಅವರು ಕೇಳಿದ್ದು ಒಂದೇ ಮಾತು.

“ಕುಂದ್ರಿಸ್ಯಾರೇನು?”

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಪೂಜೆಗೆ ಕುಳಿತಂತೆ ಕುಳ್ಳಿರಿಸಿ ಮಣ್ಣು ಕೊಡುತ್ತೇವೆ. ಹೌದು ಎಂದು ಅವತ್ತು ನಾನು ಹೇಳಿದ್ದರೆ ಇವರನ್ನೂ ಹಾಗೆ ಕುಳ್ಳಿರಿಸುತ್ತಿದ್ದೆವು.

“ಕುಂದ್ರಿಸ್ಯಾರ್ರಿ,” ಎಂದೆ. “ನಾ ಕೇಳಿ ಬಂದೀನಿ.”

“ಕಾಲು ಮಡಚಿ?”

“ಹೂಂ ರೀ. ವಿಭೂತಿ ಹಚ್ಚಿ.”

“ಹಂಗಾದ್ರ ಛಲೋ ಆತು,” ಎಂದರು ಅತ್ತೆ. “ಸಣ್ಣಾಂವಿದ್ದಾಗ ಅಂವಗ ಚಕ್ಕಳಮಕ್ಕಳ ಹಾಕಿ ಕುಂದ್ರಾಕ ಬರ್ತಿದ್ದಿಲ್ಲ. ಊಟಕ್ಕೂ ಕಾಲು ಚಾಚೇ ಕುಂದ್ರಾಂವ. ಅದಕ್ಕ ಎಷ್ಟು ಬಡದೀನಿ ಅವನ್ನ.”

ಆಮೇಲೆ ಅತ್ತರು. ಮೊರದ ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು. ನಾನು ಅವರನ್ನು ಹಿಡಿದುಕೊಂಡು ಕುಳಿತೆ. ನಾಳೆ ರಕ್ತ ಕೊಡಲು ಕರೆದುಕೊಂಡು ಹೋಗಬೇಕು. ಹೊರಡುವ ಮೊದಲೇ ಬಾಬಾಸಾಬರಿಗೆ ಫೋನ್ ಮಾಡಿ, ಅತ್ತೆ ಕೇಳಿದರೆ ಕುಳ್ಳಿರಿಸಿದೆವು ಎಂದೇ ಹೇಳಿ ಎಂದು ಕೇಳಿಕೊಳ್ಳುತ್ತೇನೆ.